ಒಳಚರಂಡಿ ಯೋಜನೆಯಲ್ಲಿ ಸಾರಜನಕದ ಲೆಕ್ಕ ಎಲ್ಲಿ?

ಮಾನ್ಯ ಸಂಪಾದಕರೇ,

ಕೋಲಾರ ಜಿಲ್ಲೆಯ ನಮ್ಮ ಸಣ್ಣ ಪಟ್ಟಣಕ್ಕೂ ಒಳಚರಂಡಿ ಬರಲಿದೆ ಎಂಬ ಸುದ್ದಿ ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು. ಮೊನ್ನೆ ಅದಕ್ಕಾಗಿ ಕರೆದಿದ್ದ ಸಭೆಗೂ ಹೋಗಿದ್ದೆ. ಎಷ್ಟು ಕಿಲೋಮೀಟರ್ ಪೈಪು, ಎಷ್ಟು ಮ್ಯಾನ್‌ಹೋಲ್, ಶುದ್ಧೀಕರಣ ಘಟಕಕ್ಕೆ ಯಾವ ಸರ್ವೆ ನಂಬರಿನ ಜಮೀನು ಎಂಬುದೆಲ್ಲ ಚರ್ಚೆಯಾಯಿತು. ಘಟಕದಿಂದ ಹೊರಬರುವ ನೀರಿನಲ್ಲಿ ಸಾರಜನಕ ಎಷ್ಟು ಉಳಿದಿರುತ್ತದೆ ಎಂದು ಕೇಳಿದೆ. ‘ಆ ನೀರನ್ನು ಕೆರೆಗೆ ಬಿಡುತ್ತೇವೆ, ಚಿಂತೆ ಬೇಡ ಮೇಡಂ’ ಎಂಬ ಉತ್ತರ ಬಂತು. ನನ್ನ ಚಿಂತೆ ಶುರುವಾಗುವುದೇ ಕೆರೆಯಿಂದ.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು. ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಗೆ ಬಾಣಂತನಕ್ಕೆಂದು ಬಂದಿದ್ದ ಹುಡುಗಿ, ಎದೆಹಾಲು ಸಾಲದೆ ಕೂಸಿಗೆ ಪುಡಿಹಾಲು ಕಲಸಿ ಕುಡಿಸುತ್ತಿದ್ದಳು. ‘ಬೋರ್‌ವೆಲ್ ನೀರನ್ನು ಚೆನ್ನಾಗಿ ಕುದಿಸಿ ಆರಿಸಿಯೇ ಕೊಡುತ್ತೇನೆ ಟೀಚರ್’ ಎಂದಳು. ಕೊಳಚೆಯ ಸಾರಜನಕ ನೀರಿನಲ್ಲಿ ತಾಳುವ ರೂಪವಾದ ನೈಟ್ರೇಟನ್ನು ಅಳೆಯುವ ಪರೀಕ್ಷಾ ಕಿಟ್ ಮನೆಯಲ್ಲಿತ್ತು. ಅದನ್ನು ತಂದು ಆ ನೀರನ್ನು ಗಾಜಿನ ನಳಿಕೆಗೆ ಹಾಕಿ, ಪುಡಿ ಬೆರೆಸಿ ಕುಲುಕಿದೆ. ಬಣ್ಣ ಗಾಢವಾದಷ್ಟೂ ನೈಟ್ರೇಟ್ ಹೆಚ್ಚು. ತಿಳಿಗುಲಾಬಿ ಬಣ್ಣ ನೋಡನೋಡುತ್ತಿದ್ದಂತೆ ಬೀಟ್‌ರೂಟ್ ರಸದಷ್ಟು ಗಾಢವಾಯಿತು. ಕಿಟ್ಟಿನ ಬಣ್ಣದ ಪಟ್ಟಿಯ ಕೊನೆಯ ಚೌಕವನ್ನೂ ಅದು ಮೀರಿತ್ತು. ಆ ಬೋರ್‌ವೆಲ್‌ನಿಂದ ಶೌಚಗುಂಡಿಗೆ ಹನ್ನೆರಡೇ ಹೆಜ್ಜೆ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ ಎಂದು ಆ ತಾಯಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತು. ಕುಡಿಯುವ ನೀರಿನಲ್ಲಿ ನೈಟ್ರೇಟ್‌ಗೆ ಇರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನು ಮೀರಿದರೆ ಎಳೆಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುವ ಅಪಾಯವಿದೆ.

ಇದು ಒಂದು ಮನೆಯ ಕಥೆಯಲ್ಲ. ನಮ್ಮದೇ ಜಿಲ್ಲೆಯ ಮುಳಬಾಗಿಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಂತರ್ಜಲವನ್ನು ಪರೀಕ್ಷಿಸಿ, ಮಿತಿಮೀರಿದ ನೈಟ್ರೇಟ್‌ಗೆ ಶೌಚಗುಂಡಿಗಳ ಸೋರಿಕೆಯೇ ಕಾರಣವೆಂದು ಹತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಮಲಮೂತ್ರದ ಸಾರಜನಕ ಗುಂಡಿಯಲ್ಲಿ ಅಮೋನಿಯಾ ಆಗಿ, ಮಣ್ಣಿಗಿಳಿದು ನೈಟ್ರೇಟ್ ಆಗುತ್ತದೆ. ನೈಟ್ರೇಟನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ. ಬಂಡೆಯ ಬಿರುಕು ಹಿಡಿದು ಅದು ನೇರವಾಗಿ ಬೋರ್‌ವೆಲ್ ಸೇರುತ್ತದೆ.

ಅಮೆರಿಕದ ಕೇಪ್ ಕಾಡ್ ಎಂಬ ಕರಾವಳಿಯ ಊರುಗಳಲ್ಲೂ ಆದದ್ದು ಇದೇ. ಅಲ್ಲಿ ಮನೆಮನೆಯ ಸೆಪ್ಟಿಕ್ ಟ್ಯಾಂಕುಗಳ ಸಾರಜನಕ ಮರಳು ನೆಲದಲ್ಲಿ ಇಂಗಿ ಕೊಲ್ಲಿಗಳನ್ನು ಸೇರಿತು. ಪಾಚಿ ಹಬ್ಬಿತು, ಕಡಲಹುಲ್ಲು ಸತ್ತಿತು, ಅದನ್ನು ನಂಬಿದ್ದ ಚಿಪ್ಪುಮೀನೂ ಕಡಿಮೆಯಾಯಿತು. ಅಲ್ಲಿ ಒಂದೊಂದು ಕೊಲ್ಲಿಗೆ ಹರಿದುಬರುವ ಸಾರಜನಕವನ್ನೂ ಜಲಾನಯನವಾರು ಲೆಕ್ಕ ಹಾಕುತ್ತಾರೆ. ಪಟ್ಟಣಗಳು ಅದನ್ನು ತಗ್ಗಿಸುವ ಯೋಜನೆಯ ಹೊಣೆ ಹೊರಬೇಕು, ಇಲ್ಲವೇ ಮನೆಯವರೇ ಸಾರಜನಕ ತೆಗೆಯುವ ವ್ಯವಸ್ಥೆ ಹಾಕಿಸಬೇಕು ಎಂದು 2023ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ನಿಯಮವನ್ನೇ ತಂದಿತು. ಕಡಲಿಗಾದರೂ ದಿನಕ್ಕೆರಡು ಸಲ ಉಬ್ಬರವಿಳಿತವಿದೆ. ನಮ್ಮ ಕೆರೆಯ ನೀರು ಬದಲಾಗುವುದು ಕೋಡಿ ಹರಿದ ವರ್ಷ ಮಾತ್ರ. ಮಿಕ್ಕ ವರ್ಷಗಳಲ್ಲಿ ಅದು ಇಂಗುವುದು ನಾವು ಕುಡಿಯುವ ನೀರಿಗೇ.

ಸಭೆಯಲ್ಲಿ ಯಾರೂ ಆಡದ ಮಾತೊಂದಿದೆ. ಸಾಮಾನ್ಯ ಎರಡನೇ ಹಂತದ ಶುದ್ಧೀಕರಣ ಕೊಳೆಯುವ ವಸ್ತುವನ್ನು ತೆಗೆಯುತ್ತದೆ, ವಾಸನೆ ಹೋಗುತ್ತದೆ, ನೀರು ತಿಳಿಯಾಗುತ್ತದೆ. ಆದರೆ ಸಾರಜನಕದ ಹೆಚ್ಚಿನ ಪಾಲು ಅದರಲ್ಲೇ ಉಳಿಯುತ್ತದೆ. ಗಾಳಿ ಊದಿದ ತೊಟ್ಟಿಯಲ್ಲಿ ಅಮೋನಿಯಾ ನೈಟ್ರೇಟ್ ಆಗುತ್ತದೆ. ಆ ನೀರನ್ನು ಗಾಳಿಯಿಲ್ಲದ ಇನ್ನೊಂದು ತೊಟ್ಟಿಯಲ್ಲಿ ಹಾಯಿಸಿದರೆ, ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ನಕ್ಷೆ ಬರೆಯುವಾಗಲೇ ಈ ತೊಟ್ಟಿಗೆ ಜಾಗ ಬಿಡುವುದು ಸುಲಭ, ಘಟಕ ಕಟ್ಟಿದ ಮೇಲೆ ಬಲು ಕಷ್ಟ. ಇಂತಹ ಘಟಕಗಳಿಗೆ ಒಟ್ಟು ಸಾರಜನಕ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಎಂದು ಕೇಂದ್ರ ಪರಿಸರ ಸಚಿವಾಲಯದ 2015ರ ಕರಡು ನಿಯಮ ಹೇಳಿತ್ತು. 2017ರ ಅಂತಿಮ ಅಧಿಸೂಚನೆಯಲ್ಲಿ ಆ ಸಾಲೇ ಇರಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮತ್ತೆ 10 ಮಿಲಿಗ್ರಾಂ ಮಿತಿಯನ್ನೇ ಎತ್ತಿಹಿಡಿಯಿತು. 10 ಮಿಲಿಗ್ರಾಂ ಸಾರಜನಕ ಪೂರ್ತಿ ನೈಟ್ರೇಟ್ ರೂಪದಲ್ಲಿದ್ದರೆ ಸುಮಾರು 45 ಮಿಲಿಗ್ರಾಂ ಆಗುತ್ತದೆ. ಕುಡಿಯುವ ನೀರಿನ ಮಿತಿಯೂ ಅಷ್ಟೇ ಎಂಬುದನ್ನು ಗಮನಿಸಬೇಕು.

ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗ ನಾನೂ ನೋಡಲು ಹೋಗಿದ್ದೆ. ವರ್ಷಗಟ್ಟಲೆ ಒಣಗಿದ್ದ ಕೆರೆಯಲ್ಲಿ ನೀರು ಕಂಡು ಕಣ್ಣು ತುಂಬಿದ್ದು ನಿಜ. ಬತ್ತಿದ ಬೋರ್‌ವೆಲ್‌ಗಳಿಗೆ ಜೀವ ಬಂದದ್ದನ್ನು ರೈತರು ಮರೆತಿಲ್ಲ, ನಾನೂ ಮರೆತಿಲ್ಲ. ಆದರೆ ಅದೂ ಎರಡನೇ ಹಂತದವರೆಗೆ ಮಾತ್ರ ಶುದ್ಧಗೊಂಡ ನೀರು. ಕೊಳಚೆ ಸೇರಿದ ಕೆರೆಯ ಮೇಲೆ ಹಸಿರು ಕಂಬಳಿ ಹೊದಿಸಿದಂತೆ ಅಂತರಗಂಗೆ ಕಳೆ ಬೆಳೆಯುವುದು ಸಾರಜನಕ, ರಂಜಕಗಳನ್ನು ಉಂಡೇ. ಪ್ರತಿ ವರ್ಷ ಜೆಸಿಬಿ ತಂದು ಅದನ್ನು ಎತ್ತಿಸಿದರೆ ರೋಗ ವಾಸಿಯಾಗುವುದಿಲ್ಲ.

ಸಾರಜನಕ ಬಿಸಾಡುವ ಕಸವೂ ಅಲ್ಲ. ಒಬ್ಬರ ಮಲಮೂತ್ರದಲ್ಲಿ ವರ್ಷಕ್ಕೆ ಎರಡೂವರೆ ಕಿಲೋದಷ್ಟಾದರೂ ಸಾರಜನಕ ಇರುತ್ತದೆ. ಐವರ ಮನೆಯದನ್ನು ಕೂಡಿಸಿದರೆ ಅರ್ಧ ಚೀಲ ಯೂರಿಯಾಕ್ಕಿಂತ ಹೆಚ್ಚು. ಸೊಸೈಟಿ ಮುಂದೆ ಯೂರಿಯಾಕ್ಕಾಗಿ ಸರದಿ ನಿಲ್ಲುವ ಜಿಲ್ಲೆಯಲ್ಲಿ ಇದನ್ನು ಕುಡಿಯುವ ನೀರಿಗೆ ಬೆರೆಸುತ್ತಿದ್ದೇವೆ. ದೇವನಹಳ್ಳಿಯಲ್ಲಿ 2015ರಿಂದ ಶೌಚಗುಂಡಿಯ ಹೂಳನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕವಿದೆ. ಪೈಪು ಮುಟ್ಟಲಾಗದ ಓಣಿಗಳ ಗುಂಡಿಗಳಿಗೆ ನಮಗೂ ಅಂಥದ್ದೊಂದು ಬೇಕು.

ಯೋಜನೆಯ ವಿವರವಾದ ವರದಿ (ಡಿಪಿಆರ್) ಇನ್ನೂ ಅಂತಿಮವಾಗಿಲ್ಲ ಎಂದು ಸಭೆಯಲ್ಲಿ ಹೇಳಿದರು. ಟೆಂಡರ್ ಕರೆಯುವ ಮುನ್ನ ಅದರಲ್ಲಿ 10 ಮಿಲಿಗ್ರಾಂ ಮಿತಿಯನ್ನು ಬರೆಯಲಿ. ನೀರು ಬಿಡುವ ಕೆರೆಯ ಸುತ್ತಲಿನ ಬೋರ್‌ವೆಲ್‌ಗಳ ನೈಟ್ರೇಟ್ ಪ್ರಮಾಣವನ್ನು ಮೂರು ತಿಂಗಳಿಗೊಮ್ಮೆ ಕಚೇರಿಯ ಫಲಕದ ಮೇಲೆ ಹಾಕುವ ಷರತ್ತನ್ನೂ ಸೇರಿಸಲಿ. ಮುಂದಿನ ಸಭೆಗೆ ನಾನು ಪರೀಕ್ಷಾ ಕಿಟ್ ಹಿಡಿದೇ ಹೋಗುತ್ತೇನೆ. ಊರಿನವರೆಲ್ಲ ತಮ್ಮ ಮನೆಯ ಬೋರ್‌ವೆಲ್ ನೀರನ್ನು ಒಂದೊಂದು ಬಾಟಲಿಯಲ್ಲಿ ತರಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ.

— ನಿವೃತ್ತ ವಿಜ್ಞಾನ ಶಿಕ್ಷಕಿ, ಕೋಲಾರ ಜಿಲ್ಲೆ