ಮಗಳಿಗೊಂದು ಪತ್ರ: ಮೂರನೇ ಪಿನ್ನು

ಪುಟ್ಟೀ,

ಭಾನುವಾರ ನೀನು ಊಟ ಬಿಟ್ಟು ರಾತ್ರಿ ಬಸ್ಸು ಹತ್ತಿದೆ. ಅಮ್ಮ ಕಟ್ಟಿಟ್ಟ ಕಡುಬಿನ ಡಬ್ಬಿ ಜಗಲಿ ಮೇಲೇ ಉಳಿಯಿತು. ಅವತ್ತು ಯಾರು ಏನಂದರು ಅಂತ ಇಲ್ಲಿ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಫೋನ್ ಮಾಡಿದರೆ ಮತ್ತೆ ದನಿ ಏರುತ್ತದೆ, ಅದಕ್ಕೆ ಕಾಗದ.

ಬೆಳಗ್ಗೆ ಡಬ್ಬಿ ಎತ್ತಿದಾಗ ಅಡಿಯಲ್ಲಿ ನಿನ್ನ ಕಂಪ್ಯೂಟರ್ ಸಾಮಾನಿನ ಪಟ್ಟಿ ಸಿಕ್ಕಿತು. ನನ್ನ ಅಂಗಡಿ ಬಿಲ್ ಪುಸ್ತಕದ ಹಾಳೆ ಹರಿದು ಹಿಂದೆ ಬರೆದಿದ್ದೀಯ. ನಾಲ್ಕು ದಿನದಿಂದ ಅದು ಅಂಗಡಿಯಲ್ಲೇ ಇದೆ, ವೈಂಡಿಂಗ್ ಮಾಡುತ್ತಾ ಮಾಡುತ್ತಾ ಓದಿದೆ. ಅರ್ಥವಾಗದ್ದನ್ನು ಸಿಸಿಟಿವಿ ಹಾಕುವ ಹುಡುಗನ ಹತ್ತಿರ ಕೇಳಿದೆ. ಅವನಿಗೂ ಗೊತ್ತಿಲ್ಲದ್ದನ್ನು ಮೊಬೈಲ್‌ನಲ್ಲಿ ನೋಡಿದೆ. ಮೂವತ್ತು ವರ್ಷ ಪಂಪ್‌ಸೆಟ್ ಮೋಟಾರಿಗೆ ತಾಮ್ರ ಸುತ್ತಿದವನಿಗೆ ಇದೆಲ್ಲ ಅಷ್ಟು ಪರಕೀಯ ಅಲ್ಲ ಮಾರಾಯ್ತಿ.

ಮೊದಲು ಹೇಳಿಬಿಡುತ್ತೇನೆ, ಪಟ್ಟಿ ಚೆನ್ನಾಗಿದೆ. ರೈಜೆನ್ 5 7600 ಚಿಪ್, ಬಿ650 ಬೋರ್ಡು, ಚಿತ್ರ ಮೂಡಿಸುವ ಕಾರ್ಡು ಆರ್‌ಟಿಎಕ್ಸ್ 4060. ಚಿಪ್ ಕೂರುವ ಹಳೇ ಎಎಂ4 ಸಾಕೆಟ್ಟಿನದು ಕಡಿಮೆಗೆ ಸಿಗುತ್ತಿದ್ದರೂ ಬಿಟ್ಟು, 2022ರಲ್ಲಿ ಬಂದ ಎಎಂ5 ಹಿಡಿದಿದ್ದೀಯ. ಪಕ್ಕದಲ್ಲಿ ಸಣ್ಣಗೆ ‘ಮುಂದೆ ಚಿಪ್ ಮಾತ್ರ ಬದಲಾಯಿಸಬಹುದು’ ಅಂತ ಬರೆದಿದ್ದೀಯ. ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ ಹಾಕದೆ 8ರ ಎರಡು ಹಾಕಿದ್ದೀಯ. ಒಂದೇ ಎತ್ತು ಕಟ್ಟಿ ಗಾಡಿ ಹೊಡೆಯಬಾರದು ಅಂತ ನಿನಗೆ ಯಾರು ಹೇಳಿಕೊಟ್ಟರೋ. ನಾನಂತೂ ಅಲ್ಲ. ಸಿಸಿಟಿವಿ ಹುಡುಗ ಪಟ್ಟಿ ನೋಡಿ, ‘ಯಾರು ಮಾಡಿದ್ದು ಸಾರ್?’ ಅಂದ. ನನ್ನ ಮಗಳು ಅಂದೆ. ಎರಡು ಸಲ ಅಂದೆ.

ಆದರೆ ಕೊನೇ ಸಾಲು, ಕಂಪ್ಯೂಟರಿಗೆಲ್ಲ ಕರೆಂಟು ಹಂಚುವ ಡಬ್ಬದ್ದು. ಎಸ್‌ಎಂಪಿಎಸ್. ಮೊದಲು ‘650 ವ್ಯಾಟ್, ಬ್ರಾಂಜ್, ಐದು ವರ್ಷ ವಾರಂಟಿ’ ಅಂತ ಇತ್ತು. ಅದರ ಮೇಲೆ ಅಡ್ಡಗೆರೆ. ಪಕ್ಕದಲ್ಲಿ ‘450, ಲೋಕಲ್, 1,100 ರೂ.’ ಗೆರೆಯ ಶಾಯಿಯೇ ಬೇರೆ. ‘ಎಪ್ಪತ್ತು ಸಾವಿರದ ಮೇಲೆ ಒಂದು ರೂಪಾಯಿ ಹೋದರೂ ಈ ಮನೆಗೆ ತರಬೇಡ’ ಅಂತ ನಾನು ಕೂಗಿದೆನಲ್ಲ, ಆಮೇಲೆ ಎಳೆದದ್ದು. ದುಡ್ಡು ನಿನ್ನದು, ನಿನ್ನ ಸಂಬಳದ್ದು. ಆದರೂ ನನ್ನ ಮಾತಿಗೆ ಕಡಿಮೆ ಮಾಡಿದ್ದೀಯ. ಕಡಿಮೆ ಮಾಡಿದ್ದು ಮಾತ್ರ ನೀನು ಚಿಕ್ಕವಳಿದ್ದಾಗ ನಾನು ಮಾಡಿದ ಜಾಗದಲ್ಲೇ.

2009ರ ಮೇ. ನಿನಗೆ ಎಂಟು ವರ್ಷ. ಶಿವಮೊಗ್ಗದಿಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದಿದ್ದೆ. ಅದರ ಎಸ್‌ಎಂಪಿಎಸ್ ಹೋದಾಗ 350 ರೂಪಾಯಿಯದೊಂದು ಹಾಕಿದೆ. ಹಳೇ ಮನೆಯ ವೈರಿಂಗು, ಗೋಡೆಯ ಸಾಕೆಟ್ಟಿಗೆ ಮೂರು ತೂತು, ತಂತಿ ಎರಡೇ, ಮೂರನೇ ಪಿನ್ನಿಗೆ ಬೇಕಾದ ಅರ್ಥಿಂಗ್ ತಂತಿಯೇ ಇಲ್ಲ. ಊರವರ ಬೋರ್‌ವೆಲ್ಲಿಗೆಲ್ಲ ಅರ್ಥಿಂಗ್ ಗುಂಡಿ ತೋಡಿಸಿದವನು ನಾನು. ನಮ್ಮ ಮನೆಗೆ ‘ಮುಂದಿನ ವರ್ಷ ನೋಡೋಣ’ ಅಂತಿದ್ದೆ.

ನೀನು ಒಂದು ದಿನ ಅಂದೆ, ‘ಅಪ್ಪಯ್ಯ, ಡಬ್ಬ ಕಚ್ಚುತ್ತೆ.’

ನಾನು ಟೆಸ್ಟರ್ ಇಟ್ಟು ನೋಡಿದೆ. ಮಿಣಿಮಿಣಿ ಉರಿಯಿತು. ಯಾಕೆ ಅಂತಲೂ ಗೊತ್ತಿತ್ತು. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗದ್ದಲ ಸೋಸಲಿಕ್ಕೆ ಎರಡು ಸಣ್ಣ ಕೆಪಾಸಿಟರ್ ಇರುತ್ತವೆ, ಒಂದು ಫೇಸಿನಿಂದ ಡಬ್ಬಕ್ಕೆ, ಇನ್ನೊಂದು ನ್ಯೂಟ್ರಲ್ಲಿನಿಂದ ಡಬ್ಬಕ್ಕೆ. ಅರ್ಥಿಂಗ್ ಇದ್ದರೆ ಆ ಚೂರು ಕರೆಂಟು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಡಬ್ಬ 230ರ ಅರ್ಧಕ್ಕೆ, ಸುಮಾರು 115 ವೋಲ್ಟಿಗೆ ನಿಂತುಬಿಡುತ್ತದೆ. ಜೀವ ತೆಗೆಯುವಷ್ಟಲ್ಲ, ಮುಟ್ಟಿದರೆ ಜುಂ ಅನ್ನುತ್ತದೆ. ಇಷ್ಟೆಲ್ಲ ಗೊತ್ತಿದ್ದವನು ನಿನಗೆ ಹೇಳಿದ್ದೇನು? ‘ಚಪ್ಪಲಿ ಹಾಕಿಕೊಂಡು ಆಡು.’

ನೀನು ಹಾಕಿಕೊಂಡೆ. ನೀಲಿ ಹವಾಯಿ, ಒಂದು ಸೈಜು ದೊಡ್ಡದು.

ಆ ಸಂಜೆ ಆಗುಂಬೆ ಕಡೆಯಿಂದ ಮೋಡ ಕಟ್ಟಿತ್ತು. ಮಳೆ ಇನ್ನೂ ಇಲ್ಲ, ಬರೀ ಗುಡುಗು. ನಾನು ಅಂಗಳದಲ್ಲಿ ಅಡಿಕೆ ಹಾಳೆ ಒಳಗೆ ಹಾಕುತ್ತಿದ್ದೆ. ಮಿಂಚಿದ್ದು, ಮನೆಯೊಳಗೆ ಟಪ್ ಅಂದದ್ದು, ನೀನು ಕೂಗಿದ್ದು, ಮೂರೂ ಒಟ್ಟಿಗೆ. ಬಂದು ನೋಡಿದರೆ ಹೊಗೆ, ವಾರ್ನಿಶ್ ಸುಟ್ಟ ವಾಸನೆ, ನೀನು ಸ್ಟೂಲಿನಿಂದ ಬಿದ್ದು ಗಲ್ಲದಲ್ಲಿ ರಕ್ತ. ಒಂದು ಕಾಲಿನ ಚಪ್ಪಲಿ ಬಾಗಿಲ ಹತ್ತಿರ ಇತ್ತು. ಶಾಕ್ ಹೊಡೆದಿರಲಿಲ್ಲ, ಬೆಚ್ಚಿ ಬಿದ್ದದ್ದು ಅಂತ ಡಾಕ್ಟರು ಹೇಳಿದರು. ಎರಡು ಹೊಲಿಗೆ.

ನಾನು ದಾರಿಯುದ್ದಕ್ಕೂ ನಿನಗೇ ಬೈದೆ. ಗುಡುಗುವಾಗ ಯಾರಾದರೂ ಆಡುತ್ತಾರಾ ಅಂತ. ಆಮೇಲೆ ಅಜ್ಜಿಗೂ ಅದನ್ನೇ ಹೇಳಿದೆ, ಅಂಗಡಿಗೆ ಬಂದವರಿಗೂ ಹೇಳಿದೆ, ‘ನಮ್ಮ ಹುಡುಗಿ ಆಟ ಆಡಿ ಕಂಪ್ಯೂಟರ್ ಸುಟ್ಟಳು.’ ಹದಿನೈದು ವರ್ಷದಿಂದ ಅದು ಮನೆಯ ಜೋಕು. ನೀನೂ ನಗುತ್ತಿದ್ದೆ. ಡಬ್ಬ ಕಚ್ಚುತ್ತದೆ ಅಂತ ಮೊದಲೇ ಹೇಳಿದ್ದೆ ಅಂತ ಒಂದು ದಿನವೂ ಎತ್ತಿ ಆಡಲಿಲ್ಲ. ಭಾನುವಾರವೂ ಆಡಲಿಲ್ಲ. ನಾನೇ ‘ನಿನಗೆ ಆಟದ ಹುಚ್ಚು ಆವಾಗಿನಿಂದಲೂ’ ಅಂತ ಅದೇ ಕತೆ ತೆಗೆದೆ. ತಪ್ಪಾಯಿತು ಪುಟ್ಟಿ. ಸುಟ್ಟದ್ದು ನೀನಲ್ಲ. ಮರ ಸೀಳುವ ಸಿಡಿಲನ್ನು ಅರ್ಥಿಂಗ್ ತಡೆಯುತ್ತಿತ್ತು ಅಂತ ನಾನೂ ಹೇಳಲಾರೆ. ಆದರೆ ಮಗು ಕೈಯಿಡುವ ಡಬ್ಬ ಜುಂ ಅನ್ನುತ್ತಿದೆ ಅಂತ ಗೊತ್ತಿದ್ದೂ ಬಿಟ್ಟೆನಲ್ಲ, ಅದು ನನ್ನದು.

ಈಗ ಎಸ್‌ಎಂಪಿಎಸ್ ವಿಷಯ. ಬೈದ ಹಾಗೆ ಕೇಳಿಸಿದರೆ ಬೈದದ್ದಲ್ಲ ಅಂದುಕೋ. ನಿನ್ನ ಚಿಪ್ಪಿನ ಮೇಲೆ 65 ವ್ಯಾಟ್ ಅಂತ ಬರೆದಿದ್ದರೂ ಜೋರಾಗಿ ಓಡುವಾಗ 88ರ ತನಕ ಎಳೆಯುತ್ತದೆ. 4060 ಕಾರ್ಡಿಗೆ 115. ಫ್ಯಾನು, ಎಸ್‌ಎಸ್‌ಡಿ, ಬೋರ್ಡು ಎಲ್ಲ ಸೇರಿಸಿ 250 ಅನ್ನೋಣ. ಹಾಗಾದರೆ 450 ಸಾಕಲ್ವಾ ಅಂತ ನೀನು ಕೇಳಬಹುದು. ಕಾರ್ಡು ಮಾಡಿದವರೇ 550 ಅಂತ ಹೇಳಿದ್ದಾರೆ. ಮೋಟಾರು ಸ್ಟಾರ್ಟ್ ಆಗುವಾಗ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಕಾರ್ಡು ಅಷ್ಟಿಲ್ಲದಿದ್ದರೂ ಕ್ಷಣಕ್ಷಣಕ್ಕೆ ಏರಿ ಇಳಿಯುತ್ತದೆ. ಮೇಲಾಗಿ ಲೋಕಲ್ ಡಬ್ಬದ ಮೇಲಿನ 450ನ್ನು ನಾನು ನಂಬುವುದಿಲ್ಲ. ಮೊನ್ನೆ ಅಂತಹದೊಂದು ಅಂಗಡಿಗೆ ಬಂತು, ಬಿಚ್ಚಿದೆ. ಬೋರ್ಡಿನ ಮೇಲೆ ಫಿಲ್ಟರ್ ಕಾಯಿಲಿನ ಗುರುತು ಅಚ್ಚಾಗಿದೆ, ಕಾಯಿಲ್ ಇರಬೇಕಾದ ಜಾಗದಲ್ಲಿ ತುಂಡು ತಂತಿ ಬೆಸೆದಿದ್ದಾರೆ. ಅಂಗೈಯಲ್ಲಿಟ್ಟರೆ ಖಾಲಿ ಟಿಫಿನ್ ಡಬ್ಬಿಯಷ್ಟು ಹಗುರ.

ಇನ್ನೊಂದು. ಶರಾವತಿಯಲ್ಲಿ 1035 ಮೆಗಾವ್ಯಾಟ್ ತೆಗೆದು ನಾಡಿಗೆಲ್ಲ ಕೊಟ್ಟ ಜಿಲ್ಲೆ ನಮ್ಮದು, ನಮ್ಮ ಮನೆಯಲ್ಲಿ ಮಾತ್ರ ಸಂಜೆ ಏಳಕ್ಕೆ 170 ವೋಲ್ಟು. ಅದಕ್ಕೆ ಡಬ್ಬದ ಮೇಲೆ 100–240 ಅಂತ ಇದೆಯಾ ನೋಡಿ ತಗೋ. ಬ್ರಾಂಜ್ ಅಂದರೆ ಅರ್ಧ ಲೋಡಿನಲ್ಲಿ ಗೋಡೆಯಿಂದ ಎಳೆದ ಕರೆಂಟಿನಲ್ಲಿ ನೂರಕ್ಕೆ 85 ಪಾಲು ಕೆಲಸಕ್ಕೆ ಬರುತ್ತದೆ ಅಂತ, ಅಷ್ಟೇ. ಅದು ಗಟ್ಟಿತನದ ಬಿರುದಲ್ಲ. ವಾರಂಟಿ ಎಷ್ಟು ವರ್ಷ ಅನ್ನುವುದು ಹೆಚ್ಚು ಹೇಳುತ್ತದೆ. ನಮ್ಮ ಹಳೇ ಇನ್ವರ್ಟರ್ ಸ್ಕ್ವೇರ್ ವೇವ್, ಅದರ ಕರೆಂಟಿನ ಅಲೆ ಚೌಕ ಚೌಕ, ಅದಕ್ಕೆ ಇದನ್ನು ಸಿಕ್ಕಿಸಬೇಡ. ಯುಪಿಎಸ್ ತಗೊಂಡರೆ ಲೈನಿನ ಕರೆಂಟಿನ ಹಾಗೇ ನುಣುಪು ಅಲೆಯ ಪ್ಯೂರ್ ಸೈನ್ ವೇವ್ ಕೇಳು.

ಕ್ಯಾಬಿನೆಟ್ಟಿನ ಮುಂದುಗಡೆ ಗಾಜು ಬೇಡ, ಜಾಲರಿ ಇರಲಿ, ಒಳಗೆ ಗಾಳಿ ಹೋಗಬೇಕು. ಹಿಂದಿನ ಖಾಲಿ ಸಂದಿಗಳಿಗೆ ತಗಡಿನ ಪಟ್ಟಿ ಹಾಕು, ನಮ್ಮ ಅಟ್ಟದ ಹಲ್ಲಿ ನಿನಗೆ ಗೊತ್ತಲ್ಲ. ಮಳೆಗಾಲದಲ್ಲಿ ಗೋಡೆಯಿಂದ ಒಂದು ಗೇಣು ದೂರ ಇಡು, ದಿನಾ ಸ್ವಲ್ಪ ಹೊತ್ತಾದರೂ ಹಚ್ಚು, ಬೆಚ್ಚಗಿದ್ದರೆ ಥಂಡಿ ಹಿಡಿಯುವುದಿಲ್ಲ. ಮಾನಿಟರಿನ ಕೇಬಲ್ ಕಾರ್ಡಿಗೇ ಚುಚ್ಚು, ಬೋರ್ಡಿಗಲ್ಲ. ಅಲ್ಲೂ ಚಿತ್ರ ಬರುತ್ತದೆ, ಆದರೆ ಕಾರ್ಡು ಸುಮ್ನೆ ಕೂತಿರುತ್ತದೆ. ಬಯಾಸ್‌ನಲ್ಲಿ ಎಕ್ಸ್‌ಪೋ ಅನ್ನುವ ಸೆಟ್ಟಿಂಗ್ ಆನ್ ಮಾಡದಿದ್ದರೆ ರ‍್ಯಾಮ್ ನಿಧಾನಕ್ಕೇ ಓಡುತ್ತದಂತೆ. ಇದೆಲ್ಲ ನಿನಗೆ ಗೊತ್ತಿದ್ದದ್ದೇ ಇರಬೇಕು. ನಾನು ಕಲಿತದ್ದನ್ನು ಒಪ್ಪಿಸುತ್ತಿದ್ದೇನೆ.

ಗುಡುಗಿದರೆ ಮಾತ್ರ ಪ್ಲಗ್ಗು ಕಿತ್ತುಬಿಡು. ಸ್ವಿಚ್ ಆಫ್ ಮಾಡುವುದಲ್ಲ, ಕೀಳುವುದು. ಮನೆ ಹತ್ತಿರ ಬೀಳುವ ಸಿಡಿಲಿಗೆ ಯಾವ ಯುಪಿಎಸ್ಸೂ ಲೆಕ್ಕ ಇಲ್ಲ. ಆಟ ಸೋತರೆ ಸೋಲಲಿ.

ಆ ಗೆರೆ ಎಳೆದ ಸಾಲನ್ನು ನಾನು ಮತ್ತೆ ಬರೆದಿದ್ದೇನೆ. 650, ಮೊದಲಿನದೇ. ಅದರ ದುಡ್ಡು ನನ್ನದು, ನಿನ್ನ ಖಾತೆಗೆ ಹಾಕಿದ್ದೇನೆ, ವಾಪಸ್ ಕಳಿಸಬೇಡ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಗೊಂಡರೆ ಬಿಲ್ ಇಲ್ಲದೆ ತರಬೇಡ, ವಾರಂಟಿ ಬಿಲ್ಲಿನ ಮೇಲೇ ನಿಂತಿರುವುದು.

ನಿನ್ನೆ ಬಚ್ಚಲ ಹಿಂದೆ ಗುಂಡಿ ತೋಡಿದೆ. ಜಂಬಿಟ್ಟಿಗೆ ನೆಲ, ಹಾರೆ ಕುಣಿಯಿತು, ಎಂಟು ಅಡಿಗೆ ಇಡೀ ದಿನ ಹಿಡಿಯಿತು. ಜಿಐ ಪೈಪು ಇಳಿಸಿ ಸುತ್ತ ಇದ್ದಿಲು, ಉಪ್ಪು ತುಂಬಿ, ಅಟ್ಟದ ಕೋಣೆಯ ಸಾಕೆಟ್ಟಿಗೆ ಹಸಿರು ತಂತಿ ಎಳೆದೆ. ಮೀಟರ್ ಇಟ್ಟು ನೋಡಿದೆ, ನ್ಯೂಟ್ರಲ್ಲಿಗೂ ಅರ್ಥಿಂಗಿಗೂ ನಡುವೆ ಎರಡೇ ವೋಲ್ಟು ತೋರಿಸಿತು, ಸರಿಯಾಗಿದೆ. ಮಳೆ ಹಿಡಿಯುವ ತನಕ ಗುಂಡಿ ಒಣಗಬಾರದು. ಅಮ್ಮ ಪಾತ್ರೆ ತೊಳೆದ ನೀರನ್ನು ಅಲ್ಲಿಗೇ ಹೊಯ್ಯುತ್ತಿದ್ದಾಳೆ. ಯಾಕೆ ಅಂತ ಇನ್ನೂ ಕೇಳಿಲ್ಲ.

ನಿನ್ನ
ಅಪ್ಪಯ್ಯ