ಊಟ ಬಿಟ್ಟ ಹೆಣ್ಣುಮಕ್ಕಳ ಬಗ್ಗೆ ಕೋಲಾರ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳೇ,

ಮುಳಬಾಗಿಲಾಗಲಿ ಮಾಲೂರಾಗಲಿ, ಹದಿನೇಳು ಹದಿನೆಂಟರ ಹುಡುಗಿ ತೀರಾ ಬಡಕಲಾಗಿ ಆಸ್ಪತ್ರೆಗೆ ಬಂದರೆ ಸಾಮಾನ್ಯವಾಗಿ ಸಿಗುವುದು ಕಬ್ಬಿಣಾಂಶದ ಮಾತ್ರೆ, ಜಂತುಹುಳುವಿನ ಮಾತ್ರೆ, ‘ಹಟ ಬಿಟ್ಟು ಊಟ ಮಾಡಮ್ಮ’ ಎಂಬ ಬುದ್ಧಿಮಾತು. ಮುಟ್ಟು ನಿಂತಿದ್ದರೆ ಹಾರ್ಮೋನ್ ಮಾತ್ರೆ. ಅದರಿಂದ ರಕ್ತಸ್ರಾವ ಆದಾಗ ಮನೆಯವರು ಸರಿಹೋಯಿತು ಅಂದುಕೊಳ್ಳುತ್ತಾರೆ. ಹಸಿದ ದೇಹ ಮಾತ್ರ ಹಾಗೇ ಇರುತ್ತದೆ. ಆಕೆಗೆ ಆಟಿಸಂ (ಜನರೊಂದಿಗೆ ಬೆರೆಯುವ, ಸದ್ದು-ವಾಸನೆಗಳನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವುದು) ಇರಬಹುದೇ ಎಂಬ ಪ್ರಶ್ನೆ ಏಳುವುದೇ ಅಪರೂಪ. ಆ ಪ್ರಶ್ನೆಯನ್ನು ಕೇಳಿಸಿ ಎಂಬುದೇ ನಮ್ಮ ಒತ್ತಾಯ.

ಜೀವಕ್ಕೆ ಕುತ್ತು ಬರುವಷ್ಟು ಊಟ ಕಡಿಮೆ ಮಾಡುವ ಅನೊರೆಕ್ಸಿಯಾ ಕಾಯಿಲೆಗೂ ಆಟಿಸಂಗೂ ನಂಟಿದೆ ಎಂದು ಸ್ವೀಡನ್ನಿನ ಮನೋವೈದ್ಯ ಕ್ರಿಸ್ಟೋಫರ್ ಗಿಲ್‌ಬರ್ಗ್ 1980ರ ದಶಕದಲ್ಲೇ ಬರೆದಿದ್ದರು. ಈ ಕಾಯಿಲೆಗೆ ಚಿಕಿತ್ಸೆ ಪಡೆಯುವ ಮಹಿಳೆಯರಲ್ಲಿ ಐವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಆಟಿಸಂ ಅಥವಾ ಅದರ ಎದ್ದುಕಾಣುವ ಲಕ್ಷಣಗಳು ಇರುತ್ತವೆ ಎಂದು ಆಮೇಲಿನ ಅಧ್ಯಯನಗಳು ಹೇಳುತ್ತವೆ. ಆಟಿಸಂ ಇರುವ ಎಷ್ಟೋ ಹೆಣ್ಣುಮಕ್ಕಳು ಸುತ್ತಲಿನವರನ್ನು ನೋಡಿ ಅವರಂತೆ ನಡೆದುಕೊಳ್ಳಲು ಕಲಿತಿರುತ್ತಾರೆ. ‘ಗುಣವಂತೆ, ಮಾತು ಕಮ್ಮಿ’ ಅನ್ನಿಸಿಕೊಂಡವಳನ್ನು ತಪಾಸಣೆಗೆ ಕರೆದೊಯ್ಯುವವರು ಯಾರು?

ಹಾಸ್ಟೆಲ್ಲಿನ ಊಟದ ಕೋಣೆಯನ್ನೇ ನೋಡಿ. ತಟ್ಟೆಗಳ ಸದ್ದು, ಒಗ್ಗರಣೆಯ ಘಾಟು, ಕೇಳದೆಯೇ ಅನ್ನದ ಮೇಲೆ ಸುರಿಯುವ ಸಾರು, ಅದಕ್ಕೆ ಹರಿದು ಸೇರುವ ಪಲ್ಯದ ನೀರು. ಪಕ್ಕದವಳಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ, ಆಟಿಸಂ ಇರುವ ಈಕೆಗೆ ಆ ತಟ್ಟೆ ಮುಟ್ಟಲಾಗದು. ಮುದ್ದೆಯೊಂದನ್ನೇ ನುಂಗುವವಳೂ ಇರಬಹುದು: ಅಗಿಯುವಂತಿಲ್ಲ, ದಿನಾ ಹೆಚ್ಚುಕಮ್ಮಿ ಒಂದೇ ಹದ. ಮಸ್ಸೊಪ್ಪು ಹಾಗಲ್ಲ, ಇವತ್ತಿನ ಸೊಪ್ಪು ನಾಳೆ ಇರುವುದಿಲ್ಲ. ಕೆಲವರಿಗೆ ಹಸಿವಾಗಿದ್ದೇ ಗೊತ್ತಾಗದು. ಇನ್ನು ಕೆಲವರು ಎರಡು ಇಡ್ಲಿ ಎಂದು ತಾವೇ ಹಾಕಿಕೊಂಡ ನಿಯಮವನ್ನು ಮುರಿಯಲಾರರು. ‘ದಪ್ಪಗಾಗುವ ಭಯವೇ?’ ಎಂದರೆ ಇವರಲ್ಲಿ ಹಲವರು ನಿಜವಾಗಿಯೇ ಇಲ್ಲ ಅನ್ನುತ್ತಾರೆ. ಅನೊರೆಕ್ಸಿಯಾ ಅಲ್ಲವೆಂದು ಅಲ್ಲಿಗೆ ಕಡತ ಮುಚ್ಚಿಹೋಗುತ್ತದೆ. ಆದರೆ ತೂಕದ ಭಯವಿಲ್ಲದೆ ಊಟ ಬಿಡುವ ಆರ್ಫಿಡ್ ಎಂಬ ತೊಂದರೆ, ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಡಿಎಸ್‌ಎಂ-5 ಕೈಪಿಡಿಗೆ 2013ರಲ್ಲೇ ಸೇರಿದೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯಕ್ಕೆಂದು ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಯಾವ ತಿಂಡಿ ಎಷ್ಟು ವರ್ಷದಿಂದ ಸೇರುವುದಿಲ್ಲ, ಏಕೆ (ವಾಸನೆಯೋ, ಹದವೋ, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವೋ), ಐದಾರು ವಯಸ್ಸಿನಲ್ಲಿ ಆಟ, ಸದ್ದು, ಬಟ್ಟೆಯ ವಿಷಯದಲ್ಲಿ ಹೇಗಿದ್ದಳು ಎಂದು ತಾಯಿಯನ್ನು ಅಲ್ಲಿ ಕೇಳಬೇಕು. ಬಾಲ್ಯದ ವಿಚಾರ ಬಿಡುವಂತಿಲ್ಲ. ಉಪವಾಸವೇ ಮನಸ್ಸನ್ನು ಬಿಗಿಮಾಡಿ ಆಟಿಸಂನಂತೆ ತೋರಿಸುವುದುಂಟು.

ನಾಡಿ ನಿಮಿಷಕ್ಕೆ 40ಕ್ಕಿಂತ ಕಡಿಮೆಯಿದ್ದರೆ, ಎದ್ದು ನಿಂತಾಗ ಮೇಲಿನ ಬಿಪಿ 20ಕ್ಕಿಂತ ಹೆಚ್ಚು ಇಳಿದು ತಲೆ ಸುತ್ತಿದರೆ, ಕುಕ್ಕರಗಾಲಲ್ಲಿ ಕೂತವಳು ಕೈಯೂರದೆ ಏಳಲಾಗದಿದ್ದರೆ ಮನೆಗೆ ಕಳಿಸಬಾರದು. ನಮ್ಮಲ್ಲಿ ಸುಸ್ತು ಅಂದ ಕೂಡಲೇ ಗ್ಲೂಕೋಸ್ ಏರಿಸುತ್ತಾರೆ. ಹತ್ತಾರು ದಿನ ಹೊಟ್ಟೆಗೇನೂ ಬೀಳದವಳಿಗೆ ಇದು ಅಪಾಯ: ಇನ್ಸುಲಿನ್ ಏರಿ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿಯುತ್ತವೆ, ಹೃದಯದ ಬಡಿತ ತಪ್ಪುತ್ತದೆ. ಮೊದಲು ಥಯಾಮಿನ್ (ಬಿ1 ಜೀವಸತ್ವ) ಕೊಡಬೇಕು, ದಿನವೂ ರಕ್ತ ಪರೀಕ್ಷೆ ನಡೆಸುತ್ತಾ ಆಹಾರವನ್ನು ಹಂತಹಂತವಾಗಿ ಏರಿಸಬೇಕು. ಫಾಸ್ಫೇಟ್ ಪರೀಕ್ಷೆ ಇಲ್ಲದ ಕಡೆಯಿಂದ ಜಿಲ್ಲಾಸ್ಪತ್ರೆಗೆ ಕಳಿಸಲಿ.

ವಾರ್ಡಿನಲ್ಲಿ ಬೇಕಾದ ಬದಲಾವಣೆಗೆ ದುಡ್ಡೇನೂ ಖರ್ಚಾಗದು. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ‘ಪೀಸ್’ ಚಿಕಿತ್ಸಾಕ್ರಮ ಇಂಥವರಿಗೆಂದೇ ರೂಪಿಸಿದ್ದು. ಅದೇ ಜಾಡಿನಲ್ಲಿ ನಮಗೆ ಬೇಕಾದ್ದು ಇಷ್ಟೇ: ಗೋಡೆ ಕಡೆಯ ಹಾಸಿಗೆ, ನಾಳಿನ ಊಟ ಏನೆಂದು ಇವತ್ತೇ ಬರೆದ ಚೀಟಿ, ಸಾರು ಬೇರೆ ಬಟ್ಟಲಲ್ಲಿ, ಹೊತ್ತು ತಪ್ಪದ ಊಟ. ಒಪ್ಪುವ ಪದಾರ್ಥದಿಂದಲೇ ಮೊದಲು ತೂಕ ಏರಲಿ. ಹೊಸ ರುಚಿ ಆಮೇಲೆ, ಒಂದೊಂದಾಗಿ. ಸುತ್ತ ನಿಂತು ಬಲವಂತಮಾಡಿದರೆ ಒಪ್ಪುತ್ತಿದ್ದುದನ್ನೂ ಬಿಟ್ಟಾಳು.

ಇನ್ನೊಂದು ಮಾತು. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ಆರ್‌ಬಿಎಸ್‌ಕೆಯ ತಂಡ ಮಾಡುವ ತಪಾಸಣೆ 18ಕ್ಕೆ ನಿಲ್ಲುತ್ತದೆ. ಆ ವಯಸ್ಸು ದಾಟುವ ಇಂಥ ಹುಡುಗಿಯರ ಕಾರ್ಡನ್ನು ಮನೋಚೈತನ್ಯ ಕ್ಲಿನಿಕ್ಕಿಗೆ ಒಪ್ಪಿಸುವ ಲಿಖಿತ ಸೂಚನೆಯನ್ನು ತಾವು ಹೊರಡಿಸಬೇಕು.

ಇಂತಿ,
ಜಿಲ್ಲೆಯ ಆಟಿಸಂ ಮತ್ತು ಪೋಷಣಾ ಕ್ಷೇತ್ರದಲ್ಲಿ ದುಡಿಯುವ ಕೆಲವರು