ನಾಲ್ಕನೇ ಸೋಮವಾರದ ಕೋರ್ಟು

ಪಿಟ್ಸ್‌ಬರ್ಗ್ ಸುತ್ತ ಮನೆ ಮಾಡಿಕೊಂಡಿರುವ ನಮ್ಮಲ್ಲಿ ಯೋಹೊಗೇನಿಯಾ ಕೌಂಟಿಯ ಹೆಸರು ಕೇಳಿದವರು ಕಡಿಮೆ. ಇಂದಿನ ವೆಸ್ಟ್ ಎಲಿಜಬೆತ್ ಹತ್ತಿರ, ಮನಾಂಗಹೇಲಾ ನದಿಯ ದಂಡೆಯಲ್ಲಿ ಅದರ ಕೋರ್ಟು ಕೂರುತ್ತಿತ್ತು. ಅದು ವರ್ಜೀನಿಯಾದ ಕೋರ್ಟು. ಪೆನ್ಸಿಲ್ವೇನಿಯಾ ಕೂಡ ಈ ನೆಲ ತನ್ನದೆನ್ನುತ್ತಿದ್ದ ಕಾಲ.

ಮೊದಲು ವರ್ಜೀನಿಯಾದ ಲೆಕ್ಕದಲ್ಲಿ ಇಲ್ಲಿಯವರ ವ್ಯಾಜ್ಯಗಳೆಲ್ಲ ಬೆಟ್ಟಸಾಲಿನಾಚೆಯ ಸ್ಟಾಂಟನ್‌ಗೆ, ಆಗಸ್ಟಾ ಕೌಂಟಿ ಕೋರ್ಟಿಗೆ ಹೋಗಬೇಕಿತ್ತು. ವರ್ಜೀನಿಯಾದ ಗವರ್ನರ್ ಡನ್‌ಮೋರ್ ಆಜ್ಞೆಯಂತೆ 1775ರ ಫೆಬ್ರವರಿ 21ರಂದು ಅದೇ ಕೋರ್ಟು ಪಿಟ್ಸ್‌ಬರ್ಗಿನ ಕೋಟೆಯಲ್ಲಿ ಕೂತಿತು. 1776ರ ಅಕ್ಟೋಬರ್ ಅಧಿವೇಶನದಲ್ಲಿ ವರ್ಜೀನಿಯಾ ಶಾಸನಸಭೆ ಈ ಸೀಮೆಯನ್ನು ಮೂರು ಕೌಂಟಿ ಮಾಡಿತು. ಕೋರ್ಟು ಕೂರುವ ದಿನವನ್ನೂ ಗೊತ್ತುಮಾಡಿತು: ಒಹಾಯೊ ಕೌಂಟಿಗೆ ತಿಂಗಳ ಮೊದಲ ಸೋಮವಾರ, ಮೊನೊಂಗೇಲಿಯಾಕ್ಕೆ ಎರಡನೆಯದು, ಯೋಹೊಗೇನಿಯಾಕ್ಕೆ ನಾಲ್ಕನೆಯದು. ಕೋರ್ಟಿನ ಜಾಗವನ್ನು ಮಾತ್ರ ಆಯಾ ಕೌಂಟಿಯ ಭೂಮಾಲೀಕರೇ ಮತ ಹಾಕಿ ಆರಿಸಬೇಕು.

ದಿನ ಬೇರೆಬೇರೆ ಇಟ್ಟದ್ದು ಬಹಳ ಜಾಣತನದ ಕೆಲಸ. ಒಬ್ಬನೇ ವಕೀಲ ಮೂರೂ ಕಡೆ ಕುದುರೆ ಏರಿ ಹೋಗಿಬರಬಹುದು. ಎರಡು ಕೌಂಟಿಯಲ್ಲಿ ವ್ಯವಹಾರ ಇಟ್ಟುಕೊಂಡವನಿಗೆ ಒಂದೇ ದಿನ ಎರಡು ಕಡೆ ಕರೆ ಬರುವುದಿಲ್ಲ. ಆದರೆ ಹೀಗೆ ವಾಯಿದೆ, ಅಂದರೆ ಕೋರ್ಟು ಕೂರುವ ದಿನ, ಬದಲಿಸುವಾಗಲೇ ಎಡವಟ್ಟಾಗುವುದು. ಹಳೆಯ ತಾರೀಖಿಗೆ ಹೊರಟ ಸಮನ್ಸು ಅದನ್ನು ಮುಟ್ಟಿಸುವ ಅಧಿಕಾರಿ ಷರೀಫನ ಚೀಲದಲ್ಲೇ ಇರುತ್ತದೆ, ಜಾಮೀನು ಪತ್ರದಲ್ಲೂ ಅದೇ ತಾರೀಖು. ಪ್ರತಿವಾದಿ ಅಂದು ಬಂದರೆ ಕೋರ್ಟೇ ಇಲ್ಲ. ಹೊಸ ದಿನ ಅವನು ಬಾರದಿದ್ದರೆ ಗೈರುಹಾಜರಿಯ ತೀರ್ಪು. ಕೋರ್ಟು ಗೊತ್ತಾದ ದಿನ ಕೂರದಿದ್ದರೆ ದಾವೆಯೇ ಬಿದ್ದುಹೋಗುವ ಭಯವೂ ಇತ್ತು. ಹಾಗಾಗಿ ಇಂಥ ಕಾಯಿದೆಯಲ್ಲಿ ಒಂದು ಸಾಲು ಇರಲೇಬೇಕು: ಹಳೆಯ ವಾಯಿದೆಯ ಸಮನ್ಸು, ಜಾಮೀನು, ದಾವೆಗಳೆಲ್ಲ ಹೊಸ ದಿನಕ್ಕೂ ಹೊಸ ಜಾಗಕ್ಕೂ ಊರ್ಜಿತ. ನಮ್ಮ ಮಟ್ಟಿಗೆ, ಇಡೀ ಕಾಯಿದೆಯಲ್ಲಿ ಬಡವನನ್ನು ಕಾಯುವುದು ಆ ಒಂದು ಸಾಲೇ.

ಜಾಗ ಆಂಡ್ರ್ಯೂ ಹೀತ್ ಎಂಬವರ ಜಮೀನಿನಲ್ಲಿ ಗೊತ್ತಾಯಿತು. ಕಟ್ಟಡಕ್ಕೆ ಕೋರ್ಟು ಬರೆಸಿದ ಅಳತೆ 24 ಅಡಿ ಉದ್ದ, 16 ಅಡಿ ಅಗಲ, ಗಟ್ಟಿ ಓಕ್ ದಿಮ್ಮಿಗಳ ಗೋಡೆ, ಎರಡು ಅಂತಸ್ತು. ಕೆಳಗೆ ಜೈಲು, ಮೇಲೆ ನ್ಯಾಯಾಧೀಶರು, ವಕೀಲರ ಆಸನ, ಗುಮಾಸ್ತರ ಮೇಜು. ಮೆಟ್ಟಿಲು ಹೊರಗಡೆಯಿಂದ; ಕೋರ್ಟಿಗೆ ಬಂದವರು ಜೈಲಿನ ಒಳಗೆ ಕಾಲಿಡಬೇಕಾಗಿರಲಿಲ್ಲ.

1780ರಲ್ಲಿ ಗಡಿ ಇತ್ಯರ್ಥವಾಗಿ ಈ ನೆಲ ಪೆನ್ಸಿಲ್ವೇನಿಯಾಕ್ಕೆ ಬಂತು, ಯೋಹೊಗೇನಿಯಾ ಕೋರ್ಟು ಮುಚ್ಚಿತು. ವರ್ಜೀನಿಯಾ ಕೊಟ್ಟ ಭೂಹಕ್ಕುಗಳಿಗೆ ಮಾತ್ರ ಒಪ್ಪಂದದಲ್ಲೇ ರಕ್ಷಣೆ ಸಿಕ್ಕಿತು. ನಿಮ್ಮ ಮನೆಯ ನಿವೇಶನದ ಹಿನ್ನೆಲೆಯನ್ನು ಅಲ್ಲಿಯವರೆಗೂ ಕೆದಕುವುದಾದರೆ ವರ್ಜೀನಿಯಾದ ಹೆಸರಿನಲ್ಲೂ ಹುಡುಕಿ. ಈ ಕೋರ್ಟಿನ ನಡಾವಳಿ ಪುಸ್ತಕವನ್ನು ಪಿಟ್ಸ್‌ಬರ್ಗಿನ ಕಾರ್ನೆಗಿ ಮ್ಯೂಸಿಯಂ 20ನೇ ಶತಮಾನದ ಆರಂಭದಲ್ಲಿ ಅಚ್ಚು ಹಾಕಿಸಿದೆ.